ಬೀಗರ ರಾತ್ರಿಯೂಟಕ್ಕೆ ಸಿದ್ಧತೆ ಕೈತೋಟದಿಂದಲೇ



ಬೀಗರು ಬರುತ್ತಾರೆಂಬ ಸುದ್ದಿ ಬಂದರೆ ಸಾಕು, ನಮ್ಮ ಹಳ್ಳಿಗಳಲ್ಲಿ ಎಣ್ಣೆಯ ಬಾಣಲೆ ಒಲೆ ಏರುತ್ತದೆ. ಬೋಂಡ, ಪೂರಿ, ಪಾಯಸ, ಹೋಳಿಗೆ, ಕೊನೆಗೆ ಬಿಳಿ ಅನ್ನ. ಇದು ಆದರದ ಗುರುತೆಂಬುದು ನಿಜ. ಆದರೆ ಬೀಗರಾಗಿ ಬರುವವರು ಸಾಮಾನ್ಯವಾಗಿ ಐವತ್ತರ ಆಸುಪಾಸಿನವರು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಈಗ ಹಳ್ಳಿಯಲ್ಲೂ ಅಪರೂಪವಲ್ಲ. ಬೇಡವೆನ್ನಲು ಸಂಕೋಚಪಟ್ಟು ಉಂಡವರು ರಾತ್ರಿಯೆಲ್ಲ ಹೊರಳಾಡಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಕ್ಷೇತ್ರೋತ್ಸವ ಮುಗಿಸಿ ರೈತರೊಬ್ಬರ ಮನೆಯಲ್ಲಿ ಉಳಿದಿದ್ದೆ. ಹಗಲು ಅವರ ಹೊಲದಲ್ಲಿ ಬಾಗಿ ತೂಗುವ ನವಣೆ ತೆನೆಗಳನ್ನು ಕಂಡಿದ್ದೆ. ರಾತ್ರಿ ನನ್ನ ಎಲೆಗೆ ಬಂದದ್ದು ಪೇಟೆಯ ಅಕ್ಕಿಯ ಅನ್ನ, ಕರಿದ ತಿಂಡಿ, ಎರಡು ಬಗೆಯ ಸಿಹಿ. ಒಳಗೆ ಮನೆಯವರಿಗೆಂದು ಮುದ್ದೆ, ಸೊಪ್ಪಿನ ಸಾರು ಆಗಿತ್ತು. ಕೇಳಿದ್ದಕ್ಕೆ ಆ ತಾಯಿ, "ನಿಮ್ಮಂಥೋರಿಗೆ ಮುದ್ದೆ ಹೆಂಗೆ ಇಕ್ಕೋದು ಸಾರ್?" ಎಂದರು. ವಿಶ್ವಸಂಸ್ಥೆ ೨೦೨೩ನೇ ಇಸವಿಯನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಾವು ಬೆಳೆದದ್ದನ್ನು ನಾವೇ ಅತಿಥಿಯ ಎಲೆಯಿಂದ ದೂರವಿಟ್ಟರೆ, ಪೇಟೆಯವನು ಅದಕ್ಕೆ ಬೆಲೆ ಕಟ್ಟುವುದೆಂತು?

ಮೊದಲು ವಿಚಾರಿಸಿ

ಮಗಳಿಗೋ ಅಳಿಯನಿಗೋ ಫೋನ್ ಮಾಡಿ, ಬೀಗರಿಗೆ ಯಾವ ಪಥ್ಯ, ಮಾತ್ರೆ ಅಥವಾ ಇನ್ಸುಲಿನ್ ಯಾವ ಹೊತ್ತಿಗೆ ಎಂಬುದನ್ನು ತಿಳಿಯಿರಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದ್ದರಿಂದ ರಾತ್ರಿ ೭-೩೦ ರಿಂದ ೮ ಗಂಟೆಯೊಳಗೆ ಎಲೆ ಹಾಕಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಬೇಳೆ, ಸೊಪ್ಪು, ಹಣ್ಣುಗಳಲ್ಲೂ ಮಿತಿ ಇರಬಹುದು; ಅವರ ವೈದ್ಯರು ಹೇಳಿದಂತೆಯೇ ನಡೆಯಿರಿ.

ಒಂದು ತಿಂಗಳ ಮುಂಚೆ

ಬರುವ ದಿನ ಮೊದಲೇ ಗೊತ್ತಿದ್ದರೆ ಕೈತೋಟದಲ್ಲಿ ಎರಡು ಸಣ್ಣ ಮಡಿ ಸಿದ್ಧಪಡಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಒಂದರಲ್ಲಿ ದಂಟಿನ ಸೊಪ್ಪು, ಇನ್ನೊಂದರಲ್ಲಿ ಮೆಂತ್ಯ ಹಾಕಿ. ದಂಟಿನ ಬೀಜ ಬಹಳ ಸಣ್ಣದು. ಒಣ ಮರಳಿನೊಡನೆ ಬೆರೆಸಿ ಎರಚಿದರೆ ಒಂದೇ ಸಮನಾಗಿ ಬೀಳುತ್ತದೆ. ಎರಡೂ ೨೫ ರಿಂದ ೩೦ ದಿನಗಳಲ್ಲಿ ಎಳೆಯ ಸೊಪ್ಪಾಗಿ ಕೊಯ್ಲಿಗೆ ಬರುತ್ತವೆ. ಈ ಮಡಿಗಳಿಗೆ ಕೀಟನಾಶಕ ಸಿಂಪಡಿಸಬೇಡಿ. ದಿನ ಕಡಿಮೆಯಿದ್ದರೆ ಬೇಲಿಯ ನುಗ್ಗೆಸೊಪ್ಪು ಇದ್ದೇ ಇದೆ.

ನವಣೆಯನ್ನು ಬೇಕಾದಷ್ಟೇ, ಒಂದು ವಾರ ಮುಂಚೆ ಸಿಪ್ಪೆ ತೆಗೆಸಿ. ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಸಿಪ್ಪೆ ತೆಗೆದ ಕಾಳು ಬಹಳ ದಿನ ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಹೆಚ್ಚು ಪಾಲಿಶ್ ಮಾಡಿಸಬೇಡಿ. ನಾರು ಹೋಗುವುದು ಅಲ್ಲಿಯೇ.

ಆರು ಜನರ ಊಟದ ಪಟ್ಟಿ

೧. ಹೆಸರುಬೇಳೆ ಕೋಸಂಬರಿ: ಬೇಳೆ ೧೦೦ ಗ್ರಾಂ, ಸೌತೆಕಾಯಿ, ಕ್ಯಾರೆಟ್, ನಿಂಬೆರಸ.
೨. ಸಣ್ಣ ರಾಗಿ ಮುದ್ದೆ: ತಲಾ ೫೦ ರಿಂದ ೬೦ ಗ್ರಾಂ ಹಿಟ್ಟಿನದು.
೩. ಮಸ್ಸೊಪ್ಪು: ಸೊಪ್ಪು ಅರ್ಧ ಕಿಲೋ, ತೊಗರಿಬೇಳೆ ೧೫೦ ಗ್ರಾಂ.
೪. ಹೀರೇಕಾಯಿ ಪಲ್ಯ: ಕಾಯಿ ಒಂದು ಕಿಲೋ.
೫. ನವಣೆ ಅನ್ನ: ೨೫೦ ಗ್ರಾಂ. ಅರ್ಧ ಗಂಟೆ ನೆನೆಸಿ, ಒಂದು ಅಳತೆಗೆ ಎರಡೂವರೆ ಅಳತೆ ನೀರಿಟ್ಟು ಬೇಯಿಸಿ.
೬. ಅನ್ನಕ್ಕೆ ನೀರುಮಜ್ಜಿಗೆ: ಶುಂಠಿ, ಕರಿಬೇವು ಹಾಕಿದ್ದು.
೭. ಸಿಹಿಗೆ ಬದಲಾಗಿ ಪರಂಗಿ ಅಥವಾ ಸೀಬೆ ಹಣ್ಣಿನ ಕೆಲವು ಹೋಳು.

ಇಷ್ಟಕ್ಕೂ ಸೇರಿ ಒಗ್ಗರಣೆಗೆ ಆರು ಟೀ ಚಮಚ ಎಣ್ಣೆ ಸಾಕು.

ಈ ಊಟ ಏಕೆ?

೧೦೦ ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ೩೪೦ ಮಿಲಿಗ್ರಾಂಗೂ ಹೆಚ್ಚು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು ೧೦ ಮಾತ್ರ. ಬೇಳೆ ಸಸಾರಜನಕವನ್ನೂ ಸೊಪ್ಪು ಕಬ್ಬಿಣ, ನಾರುಗಳನ್ನೂ ಒದಗಿಸುತ್ತವೆ. ನಿಂಬೆಯಲ್ಲಿರುವ 'ಸಿ' ಜೀವಸತ್ವ ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಊಟದ ಬೆನ್ನಿಗೇ ಕಾಫಿ, ಚಹಾ ಕೊಟ್ಟರೆ ಇದಕ್ಕೆ ಅಡ್ಡಿಯಾಗುತ್ತದೆ.

ಒಂದು ಮಾತು ಮರೆಯಬೇಡಿ. ರಾಗಿ, ನವಣೆಗಳು ಔಷಧಿಯಲ್ಲ. ಅವುಗಳಲ್ಲೂ ಪಿಷ್ಟವೇ ಹೆಚ್ಚು. ದೊಡ್ಡ ಮುದ್ದೆ ಎರಡು ಉಂಡರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಸಣ್ಣದಿರಲಿ, ಸೊಪ್ಪು, ಪಲ್ಯ ಧಾರಾಳವಾಗಿರಲಿ.

ಬಡಿಸುವಾಗ

ದಿನಕ್ಕೆ ಒಬ್ಬರಿಗೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಉಪ್ಪಿನಕಾಯಿ, ಹಪ್ಪಳಗಳನ್ನು ಕೇಳಿದವರಿಗೆ ಮಾತ್ರ ಬಡಿಸಿ. "ಇನ್ನೊಂಚೂರು" ಎಂದು ಬಲವಂತ ಮಾಡಬೇಡಿ. ಮನೆಯವರಿಗೂ ಇದೇ ಊಟವಿರಲಿ. ಬೀಗರೊಬ್ಬರಿಗೇ ಪಥ್ಯ ಬಡಿಸಿದರೆ ಅವರ ಮನಸ್ಸಿಗೆ ನೋವಾದೀತು.

ಎಲೆ ಮುಂದೆ ಕುಳಿತವರಿಗೆ, "ಈ ನವಣೆ ನಮ್ಮ ಹೊಲದ್ದು, ಸೊಪ್ಪು ನಿಮಗಾಗಿ ಬಿತ್ತಿದ್ದು" ಎಂದು ಹೇಳಿ. ತಮಗಾಗಿ ಒಂದು ತಿಂಗಳ ಮುಂಚೆಯೇ ಬೀಜ ಬಿತ್ತಿದ ಮನೆಯನ್ನು ಯಾವ ಬೀಗರೂ ಮರೆಯಲಾರರು. ಬೆಳಗ್ಗೆ ಅವರು ಹಗುರಾಗಿ ಎದ್ದು ನಿಮ್ಮೊಡನೆ ಹೊಲ ನೋಡಲು ಹೊರಟರೆ, ಊಟ ಫಲಿಸಿತೆಂದು ತಿಳಿಯಿರಿ.