ರಕ್ತದ ಕೊಬ್ಬೂ ವೈದ್ಯನ ಲೆಕ್ಕವೂ

ರಕ್ತಪರೀಕ್ಷೆಯ ಚೀಟಿಯಲ್ಲಿ ಕೊಲೆಸ್ಟರಾಲ್ 240 ಎಂಬ ಒಂದೇ ಅಂಕಿಯನ್ನು ಹಿಡಿದು ಇರ್ವರು ಒಬ್ಬನೇ ವೈದ್ಯನ ಬಳಿಗೆ ಬಂದರೆನ್ನಿ: ಒಬ್ಬಾಕೆ ಮೂವತ್ತೈದರ ಆರೋಗ್ಯವಂತೆ, ಇನ್ನೊಬ್ಬನು ಅರುವತ್ತು ದಾಟಿಯೂ ಹೊಗೆಬತ್ತಿಯನ್ನು ಬಿಡದ, ರಕ್ತದೊತ್ತಡವೂ ಏರಿರುವ ಗೃಹಸ್ಥ. ಅಂಕಿ ಒಂದೇ ಆದರೂ ಇವರಿಗೆ ಒದಗಬಹುದಾದ ಗಂಡಾಂತರ ಒಂದೇ ಅಲ್ಲ.

ಈ ವಿವೇಕಕ್ಕೆ ಆಧಾರವನ್ನೊದಗಿಸಿದುದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರು. 1948ರಿಂದ ಮೊದಲ್ಗೊಂಡು ಅಲ್ಲಿಯ 5,209 ಮಂದಿ ಸ್ತ್ರೀಪುರುಷರಲ್ಲಿ ಹೃದ್ರೋಗವು ಯಾರನ್ನು ಹಿಡಿಯುವುದು, ಯಾರನ್ನು ಬಿಡುವುದು ಎಂಬುದನ್ನು ದಶಕಗಳ ಕಾಲ ಕಾದು ನೋಡಿದ ಸಂಶೋಧಕರಿಗೆ, ವಯಸ್ಸು, ರಕ್ತದೊತ್ತಡ, ಧೂಮಪಾನ, ಸಕ್ಕರೆಕಾಯಿಲೆ, ಕೊಲೆಸ್ಟರಾಲ್ ಇವು ಒಂದರೊಡನೊಂದು ಕೂಡಿಕೊಂಡೇ ಅಪಾಯವನ್ನು ಹೆಚ್ಚಿಸುವುವೆಂಬುದು ಮನವರಿಕೆಯಾಯಿತು.

ಅಪಾಯ ಬೇರೆಯಾದಂತೆ ಔಷಧದ ಫಲವೂ ಬೇರೆಯಾಗುವುದು. ಸ್ಟ್ಯಾಟಿನ್ ಗುಳಿಗೆಯು ಕೆಟ್ಟ ಕೊಲೆಸ್ಟರಾಲನ್ನು ಡೆಸಿಲೀಟರಿಗೆ ಸುಮಾರು 39 ಮಿಲಿಗ್ರಾಂ ಇಳಿಸಿದರೆ, ಹೃದಯಾಘಾತ ಪಾರ್ಶ್ವವಾಯುಗಳ ಸಂಭವ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತಗ್ಗುವುದು. ಐದು ವರ್ಷಗಳಲ್ಲಿ ನೂರಕ್ಕೆ ಹದಿನೈದು ಮಂದಿ ತುತ್ತಾಗುವ ಗುಂಪಿನಲ್ಲಿ ಇದರಿಂದ ಮೂವರು ಪಾರಾದರೆ, ನೂರಕ್ಕೆ ಐವರು ತುತ್ತಾಗುವ ಗುಂಪಿನಲ್ಲಿ ಪಾರಾಗುವವನು ಒಬ್ಬನೇ. ಗುಳಿಗೆಯನ್ನಾದರೋ ಎರಡೆಡೆಯಲ್ಲಿಯೂ ನೂರು ಮಂದಿ ನುಂಗಬೇಕು.

ಹೊರಗೆ ರೋಗಿಗಳು ಸಾಲುಗಟ್ಟಿ ಕುಳಿತಿರುವಾಗ ಈ ಗಣಿತವನ್ನೆಲ್ಲ ಮನಸ್ಸಿನಲ್ಲಿಯೇ ಮಾಡಿ ಮುಗಿಸುವುದು ಯಾವ ವೈದ್ಯನಿಗೂ ಸಾಧ್ಯವಲ್ಲ. ಆದುದರಿಂದ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, 2002ರಲ್ಲಿ, 'ಪ್ರಿಡಿಕ್ಟ್' ಎಂಬ ಗಣಕವ್ಯವಸ್ಥೆಯನ್ನು ಕುಟುಂಬವೈದ್ಯರ ಮೇಜಿಗೇ ತಂದರು. ರೋಗಿಯ ವಿವರಗಳನ್ನು ತುಂಬಿದೊಡನೆ ಮುಂದಿನ ಐದು ವರ್ಷಗಳ ಗಂಡಾಂತರವೆಷ್ಟು, ಅದಕ್ಕೆ ತಕ್ಕ ಉಪಚಾರವೇನು ಎಂಬುದು ತೆರೆಯ ಮೇಲೆ ಮೂಡುವುದು. ಗುಳಿಗೆಯ ಮಾತು ಬರುವ ಮುನ್ನವೇ, ಹೊಗೆಬತ್ತಿಯೊಂದನ್ನು ಬಿಟ್ಟರೆ ಅಪಾಯ ಎಷ್ಟು ತಗ್ಗೀತೆಂಬುದನ್ನು ನಮ್ಮ ಗೃಹಸ್ಥನಿಗೆ ಅಂಕಿಯಲ್ಲಿಯೇ ತೋರಿಸಬಹುದು.

ಈ ವ್ಯವಸ್ಥೆಯ ಸೊಗಸು ಇಷ್ಟಕ್ಕೇ ಮುಗಿಯದು. ಹೀಗೆ ತುಂಬಿದ ವಿವರಗಳನ್ನು ಹೆಸರಳಿಸಿ, ಆಸ್ಪತ್ರೆಗಳ ಹಾಗೂ ಮರಣಗಳ ದಾಖಲೆಯೊಡನೆ ಹೊಂದಿಸಿ, ಸುಮಾರು 4 ಲಕ್ಷ ಜನರ ಅನುಭವದಿಂದ ರೂಪಿಸಿದ ಹೊಸ ಸಮೀಕರಣಗಳು 2018ರಲ್ಲಿ ಪ್ರಕಟವಾದಾಗ, ಫ್ರೇಮಿಂಗ್‌ಹ್ಯಾಮಿನಿಂದ ಬಂದ ಹಳೆಯ ಲೆಕ್ಕವು ನ್ಯೂಜಿಲೆಂಡಿನ ಜನರ ಅಪಾಯವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತಿದ್ದಿತೆಂದು ತಿಳಿದುಬಂದಿತು. ತನ್ನ ಲೆಕ್ಕವನ್ನು ಕೇಳಲು ಬಂದವನು, ತಾನರಿಯದೆಯೇ, ಮುಂದೆ ಬರುವವನ ಲೆಕ್ಕವನ್ನು ತಿದ್ದಿ ಹೋಗಿದ್ದನು.