ಟ್ಯಾಂಕಿನೊಳಗಿನ ಪಂಪು

ಕಲಾ ವಿಭಾಗದ ವಿದ್ಯಾರ್ಥಿಗೆ ಮೋಟಾರು ಸೈಕಲ್ಲಿನ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ಕಾಲೇಜಿನ ಮುಂದೆ ಸಾಲಾಗಿ ನಿಂತಿರುವ ಗಾಡಿಗಳನ್ನು ಒಮ್ಮೆ ಎಣಿಸಿದರೆ ಉತ್ತರ ದೊರೆಯುವುದು. ಹಳ್ಳಿಗಳಿಂದ ಬರುವ ನಮ್ಮಲ್ಲಿ ಅನೇಕರಿಗೆ ಬಸ್ಸು ತಪ್ಪಿದರೆ ಗಾಡಿಯೇ ಗತಿ. ಗಾಡಿ ಕೆಟ್ಟರೆ ಹಾಜರಿಯೂ ಕೆಟ್ಟಿತು. ನಮ್ಮ ಮನೆಯಲ್ಲಂತೂ ಬೆಳಗಿನ ಜಾವ ಅಣ್ಣ ಹಾಲಿನ ಕ್ಯಾನನ್ನು ಡೈರಿಗೆ ಒಯ್ಯುವುದೂ, ಅನಂತರ ನಾನು ತರಗತಿಗೆ ಬರುವುದೂ ಒಂದೇ ಗಾಡಿಯಲ್ಲಿ. ಕಳೆದ ಪರೀಕ್ಷೆಗೆ ಹತ್ತು ದಿನವಿರುವಾಗ ಅದರ ಫ್ಯೂಯಲ್ ಪಂಪು ನಿಂತುಹೋಯಿತು. ಅದನ್ನು ಬದಲಾಯಿಸುವಾಗ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಪಂಪು ಎಂದೊಡನೆ ಪೆಟ್ರೋಲ್ ಬಂಕನ್ನು ನೆನೆಯುವವರಿಗೆ ಒಂದು ಮಾತು: ನಾನು ಹೇಳುತ್ತಿರುವುದು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿ ಕುಳಿತಿರುವ ಪುಟ್ಟ ಪಂಪಿನ ವಿಷಯ.

ಹಳೆಯ ಗಾಡಿಗಳಿಗೆ ಸಾಮಾನ್ಯವಾಗಿ ಇದರ ಅಗತ್ಯವಿರಲಿಲ್ಲ. ಟ್ಯಾಂಕು ಮೇಲೆ, ಕಾರ್ಬುರೇಟರ್ ಕೆಳಗೆ. ಪೆಟ್ರೋಲ್ ತಾನಾಗಿ ಇಳಿಯುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಗೆಯ ನಿಯಮ ಜಾರಿಗೆ ಬಂದ ಮೇಲೆ ಬಹುಪಾಲು ಹೊಸ ಗಾಡಿಗಳಲ್ಲಿ ಕಾರ್ಬುರೇಟರಿನ ಸ್ಥಾನಕ್ಕೆ ಇಂಜೆಕ್ಟರ್ ಬಂದಿತು. ಇದು ಅತಿ ಸಣ್ಣ ರಂಧ್ರಗಳಿಂದ ಪೆಟ್ರೋಲನ್ನು ಮಂಜಿನಂತೆ ಚಿಮ್ಮಿಸಬೇಕು. ಅದಕ್ಕೆ ಬೇಕಾದ ಒತ್ತಡ ಅನೇಕ ಗಾಡಿಗಳಲ್ಲಿ ಸುಮಾರು 3 ಬಾರ್, ಎಂದರೆ ವಾಯುಮಂಡಲದ ಒತ್ತಡದ ಸುಮಾರು ಮೂರರಷ್ಟು. ಬರಿಯ ಎತ್ತರದಿಂದಲೇ ಈ ಒತ್ತಡ ಪಡೆಯಬೇಕಾದರೆ ಟ್ಯಾಂಕನ್ನು ಇಂಜಿನ್ನಿನಿಂದ ಸುಮಾರು 40 ಮೀಟರ್ ಮೇಲೆ ಕಟ್ಟಬೇಕಾದೀತು. ಶ್ರವಣಬೆಳಗೊಳದ ಗೊಮ್ಮಟನ ಎತ್ತರದ ಎರಡರಷ್ಟಕ್ಕಿಂತಲೂ ಇದು ಹೆಚ್ಚು. ಆ ಕೆಲಸವನ್ನು 12 ವೋಲ್ಟಿನ ಒಂದು ಮೋಟಾರು ಅಂಗೈಯಷ್ಟು ಜಾಗದಲ್ಲಿ ಮಾಡಿ ಮುಗಿಸುವುದು.

ರೈತರ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಕೊಳವೆ ಬಾವಿಯ ಸಬ್‌ಮರ್ಸಿಬಲ್ ಪಂಪಿನ ತಮ್ಮನಿದು. ಅದು ನೀರಿನಲ್ಲಿ ಮುಳುಗಿ ತಂಪಾಗಿರುವಂತೆ ಇದು ಪೆಟ್ರೋಲಿನಲ್ಲಿ ತಂಪಾಗಿರುವುದು. ಬಾವಿ ಬತ್ತಿದಾಗ ಮೋಟಾರು ಸುಟ್ಟುಹೋಗುವುದನ್ನು ನಾವೆಲ್ಲ ಕಂಡವರೇ. ಟ್ಯಾಂಕು ಬರಿದಾಗುವ ತನಕ ಗಾಡಿ ಓಡಿಸಿದರೆ ಈ ಪಂಪಿನ ಆಯುಸ್ಸೂ ಹಾಗೆಯೇ ಕುಗ್ಗುವುದು.

ವಿದ್ಯುತ್ ಮೋಟಾರು, ಅದರ ಬ್ರಶ್ಶುಗಳಲ್ಲಿ ಹಾರುವ ಕಿಡಿ, ಸುತ್ತಲೂ ಪೆಟ್ರೋಲ್! ಬೆಂಕಿ ಏಕೆ ಹತ್ತದು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 1.4 ಭಾಗಕ್ಕಿಂತ ಕಡಿಮೆಯಿದ್ದರೂ ಉರಿಯದು, ಸುಮಾರು 7.6 ಭಾಗಕ್ಕಿಂತ ಹೆಚ್ಚಿದ್ದರೂ ಉರಿಯದು. ಮೋಟಾರಿನ ಒಳಗೆ ಹರಿಯುವುದು ಬರಿಯ ದ್ರವ. ಅಲ್ಲಿ ಗಾಳಿಗೆ ಎಡೆಯಿಲ್ಲ. ಮುಚ್ಚಿದ ಟ್ಯಾಂಕಿನ ಮೇಲ್ಭಾಗದಲ್ಲಾದರೋ ಆವಿ ಸಾಮಾನ್ಯವಾಗಿ ಉರಿಯಲಾರದಷ್ಟು ದಟ್ಟವಾಗಿರುವುದು. ಆದರೆ ಹೊರಗೆ ತೆಗೆದ ಪಂಪಿಗೆ ಈ ರಕ್ಷಣೆಯಿಲ್ಲ. ಪೆಟ್ರೋಲ್ ತೊಟ್ಟಿಕ್ಕುತ್ತಿರುವಾಗಲೇ ಬ್ಯಾಟರಿಯ ತಂತಿ ತಾಗಿಸಿ, “ತಿರುಗುತ್ತದೋ ನೋಡೋಣ” ಎನ್ನುವವರುಂಟು. ಅಂಥ ಸಾಹಸ ಖಂಡಿತ ಬೇಡ.

ಪಂಪು ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಕಿವಿಗೊಡಬೇಕು. ಕೀಲಿ ತಿರುಗಿಸಿದೊಡನೆ ಟ್ಯಾಂಕಿನೊಳಗಿಂದ ಎರಡು ಮೂರು ಸೆಕೆಂಡು ಜೇನ್ನೊಣದಂಥ ಸದ್ದು ಬಂದು ನಿಲ್ಲುವುದು. ನಮ್ಮ ಗಾಡಿಯಲ್ಲಿ ಅದು ಅಡಗಿತ್ತು. ಫ್ಯೂಸ್ ಹೋಗಿದ್ದರೂ, ರಿಲೇ ಕೆಟ್ಟಿದ್ದರೂ, ಇಲಿ ತಂತಿ ಕಡಿದಿದ್ದರೂ ಹೀಗಾಗಬಹುದು. ಆದುದರಿಂದ ಪಂಪಿಗೆ ಹೋಗುವ ಕನೆಕ್ಟರಿಗೆ ಮೀಟರ್ ಹಿಡಿದು, ಕೀಲಿ ತಿರುಗಿಸಿದ ಆ ಎರಡು ಸೆಕೆಂಡಿನಲ್ಲಿ 12 ವೋಲ್ಟ್ ಬರುತ್ತದೆಯೇ ಎಂದು ನೋಡಿದೆವು. ಬಂದಿತು. ವಿದ್ಯುತ್ತು ಬಾಗಿಲ ತನಕ ಬಂದರೂ ಒಳಗಿನವನು ಏಳಲಿಲ್ಲವೆಂದ ಮೇಲೆ ದೋಷ ಅವನದೇ.

ಅಂಗಡಿಯಲ್ಲಿ ವಿಚಾರಿಸಿದಾಗ ಕಂಪನಿಯ ಮೋಟಾರು ಬಿಡಿಯಾಗಿ ಸಿಗುವುದಿಲ್ಲ, ಇಡೀ ಜೋಡಣೆಯನ್ನೇ ಕೊಳ್ಳಬೇಕು, ಬೆಲೆ 6,200 ರೂಪಾಯಿ ಎಂದರು. ಅದು ಎಷ್ಟು ದಿನದ ಹಾಲಿನ ಹಣ ಎಂಬ ಲೆಕ್ಕ ಅಣ್ಣನ ಮುಖದ ಮೇಲೆಯೇ ಕಾಣುತ್ತಿತ್ತು. ಈ ಜೋಡಣೆಯಲ್ಲಿ ಇರುವುದೇನು? ಕಸ ತಡೆಯುವ ಜಾಲರಿ, ಮೋಟಾರು, ಒತ್ತಡ ಹದದಲ್ಲಿಡುವ ರೆಗ್ಯುಲೇಟರ್, ಪೆಟ್ರೋಲಿನ ಮಟ್ಟ ತೋರಿಸುವ ತೇಲುಬುರುಡೆ, ಇವನ್ನೆಲ್ಲ ಹಿಡಿದಿರುವ ಪ್ಲಾಸ್ಟಿಕ್ ಗೂಡು. ನಮ್ಮದರಲ್ಲಿ ಸತ್ತದ್ದು ಮೋಟಾರು ಒಂದೇ. ಒತ್ತಡವನ್ನು ನಿಗದಿ ಮಾಡುವುದು ಮೋಟಾರಲ್ಲ, ರೆಗ್ಯುಲೇಟರ್. ಮೋಟಾರು ಬೇಕಾದುದಕ್ಕಿಂತ ತುಸು ಹೆಚ್ಚೇ ತಳ್ಳುವುದು. ಮಿಕ್ಕದ್ದನ್ನು ರೆಗ್ಯುಲೇಟರ್ ಮರಳಿ ಟ್ಯಾಂಕಿಗೆ ಬಿಡುವುದು. ಹಾಗಿರುವಾಗ ಒಂದು ಬಲ್ಬು ಹೋದುದಕ್ಕೆ ಮನೆಯ ವೈರಿಂಗನ್ನೆಲ್ಲ ಏಕೆ ಕೀಳಬೇಕು?

ಕಂಪನಿಯದಲ್ಲದ್ದೆಲ್ಲ ಕಳಪೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. “ಎಲ್ಲ ಗಾಡಿಗೂ ಆಗುತ್ತದೆ” ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದನ್ನೂ ನಾನು ನಂಬಲಾರೆ. ಹೊಸ ಮೋಟಾರಿನ ದಪ್ಪ, ಉದ್ದ, ಕೊಳವೆಯ ಬಾಯಿ, ಕನೆಕ್ಟರ್ ಇವೆಲ್ಲ ಹಳೆಯದಕ್ಕೆ ಹೊಂದಬೇಕು. ಬೇಕಾದ ಒತ್ತಡದಲ್ಲಿ ಅದು ಎಷ್ಟು ಪೆಟ್ರೋಲ್ ತಳ್ಳುವುದೆಂಬುದೂ ಹೊಂದಬೇಕು. ಕಾರ್ಬುರೇಟರಿಗೆಂದು ಮಾಡಿದ ಪಂಪು ಇಲ್ಲಿ ಏನೇನೂ ಸಾಲದು. ತೀರ ದೊಡ್ಡದಾದರೆ ಮಿಕ್ಕದ್ದನ್ನು ಹೊರಬಿಡಲು ರೆಗ್ಯುಲೇಟರಿಗೆ ಆಗದೆ ಒತ್ತಡ ಏರುವುದು, ತಂತಿಗಳಿಗೂ ಭಾರ. ಇನ್ನು ಗೂಡು ಬಿರುಕು ಬಿಟ್ಟಿದ್ದರೆ, ರೆಗ್ಯುಲೇಟರ್ ಕೆಟ್ಟಿದ್ದರೆ, ಅಥವಾ ವಾರಂಟಿ ಉಳಿದಿದ್ದರೆ ಕಂಪನಿಯ ಬಾಗಿಲಿಗೆ ಹೋಗುವುದೇ ಲೇಸು.

ನಮ್ಮೂರಿನ ಮೆಕ್ಯಾನಿಕ್ ಅಳತೆಗಳನ್ನೆಲ್ಲ ತಾಳೆ ನೋಡಿ 1,100 ರೂಪಾಯಿಯ ಮೋಟಾರೊಂದನ್ನು ತರಿಸಿದರು. “ಬಿ.ಎ. ಓದೋನು ನೀನು, ಕೈ ಮಸಿ ಮಾಡ್ಕೊಳ್ಳೋದು ಯಾಕಪ್ಪಾ?” ಎಂದು ನಕ್ಕರೂ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟರು. ಬಯಲಿನಲ್ಲಿ, ಒಲೆ ಬೀಡಿಗಳಿಂದ ದೂರದಲ್ಲಿ, ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆವು. ಪೆಟ್ರೋಲ್ ಬಸಿದು ಟ್ಯಾಂಕನ್ನು ಬೋರಲು ಮಾಡಿ, ತಳದ ನಟ್ಟುಗಳನ್ನು ಎದುರು ಬದುರಾಗಿ ಸಡಿಲಿಸಿ, ತೇಲುಬುರುಡೆಯ ಕಡ್ಡಿ ಬಾಗದಂತೆ ಜೋಡಣೆಯನ್ನು ಈಚೆಗೆ ತೆಗೆದೆವು. ಜಾಲರಿ ಕಪ್ಪಾಗಿತ್ತು; ಹೊಸದನ್ನೇ ಹಾಕಿದೆವು. ಬಾಯಿಯ ರಬ್ಬರ್ ಉಂಗುರವೂ ಹೊಸದು.

ಒಳಗಿನ ಗೇಣುದ್ದವೂ ಇಲ್ಲದ ಕೊಳವೆಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಪೆಟ್ರೋಲನ್ನು ಒಳಗೆ ಹರಿಸಲು ಮಾಡಿದ ಸಾಮಾನ್ಯ ಕೊಳವೆ ಹೊರಗಿನಿಂದಲೂ ಪೆಟ್ರೋಲಿನಲ್ಲಿ ನೆನೆದರೆ ಉಬ್ಬಿ ಮೆತ್ತಗಾಗುವುದು. ಮುಳುಗಿರಲೆಂದೇ ತಯಾರಿಸಿದ ಕೊಳವೆ ಬೇರೆಯೇ ಉಂಟು. ಅದು, ಮತ್ತು ರಬ್ಬರ್ ಉಂಗುರ, ಎಥನಾಲನ್ನೂ ತಾಳುವಂತಿರಬೇಕು. 2025ರಲ್ಲಿ ನಮ್ಮ ಪೆಟ್ರೋಲಿನಲ್ಲಿ ಅದರ ಪಾಲು ನೂರಕ್ಕೆ 20 ಮುಟ್ಟಿದೆ. ಎಥನಾಲು ನೀರನ್ನು ಹೀರುವುದರಿಂದ ಟ್ಯಾಂಕಿನಲ್ಲಿ ತುಕ್ಕು ಇದೆಯೇ ಎಂದು ಟಾರ್ಚು ಬಿಟ್ಟು ನೋಡಿದೆವು. ಇರಲಿಲ್ಲ.

ಎಲ್ಲವನ್ನೂ ಕೂಡಿಸಿ ಪೆಟ್ರೋಲ್ ಹಾಕಿದ ಮೇಲೆ ಒಡನೆ ಸ್ಟಾರ್ಟ್ ಮಾಡಲಿಲ್ಲ. ಮೂರು ನಾಲ್ಕು ಸಲ ಕೀಲಿ ತಿರುಗಿಸಿ ಆರಿಸಿ, ಕೊಳವೆಗಳು ತುಂಬಲು ಬಿಟ್ಟೆವು. ನಟ್ಟುಗಳ ಸುತ್ತ ಒಣ ಬಟ್ಟೆಯಿಂದ ಒರಸಿ ಎಲ್ಲಿಯೂ ತೇವವಿಲ್ಲವೆಂದು ಖಚಿತ ಮಾಡಿಕೊಂಡೆವು. ಸವಾರನ ತೊಡೆಗಳ ನಡುವೆ ಇರುವ ಟ್ಯಾಂಕು ಇದು; ಸೋರಿಕೆ ಒಂದು ಹನಿಯಾದರೂ ಕೂಡದು. ಅನಂತರ ಗುಂಡಿ ಒತ್ತಿದಾಗ ಇಂಜಿನ್ನು ಒಂದೇ ಸಲಕ್ಕೆ ಎದ್ದಿತು. ಹೊಸ ಪಂಪಿನ ಸದ್ದು ಹಳೆಯದಕ್ಕಿಂತ ತುಸು ಜೋರು. ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವ ಹೊಣೆ ಈಗ ನನ್ನದು. ಪೆಟ್ರೋಲಿನ ಹಣ ಮಾತ್ರ ಇಂದಿಗೂ ಅಣ್ಣನದೇ.