ರೊಟ್ಟಿಯ ಬೆಲೆಯಲ್ಲಿ ಕೈಗಳ ಕೂಲಿ

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ ಕಲಸಿ, ಚೆನ್ನಾಗಿ ನಾದಿ, ಅಂಚು ಹರಿಯದಂತೆ ತೆಳ್ಳಗೆ ಬಡಿಯುವುದು ವರ್ಷಗಳ ಅಭ್ಯಾಸದಿಂದ ಕೈಗೂಡುವ ವಿದ್ಯೆ. ಉತ್ತರ ಕರ್ನಾಟಕದ ತಾಯಂದಿರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಈ ವಿದ್ಯೆಯನ್ನು ನಾವು ಬಹುಕಾಲ ಮನೆಗೆಲಸವೆಂದಷ್ಟೇ ಎಣಿಸಿದೆವು. ಅದು ಸಂಸಾರಕ್ಕೆ ಆಧಾರವಾದ ಉದ್ಯೋಗವೂ ಆಗಬಲ್ಲದೆಂಬುದನ್ನು ಮಹಿಳಾ ಸ್ವಸಹಾಯ ಸಂಘಗಳು ತೋರಿಸಿಕೊಟ್ಟಿವೆ. ಒಣಗಿಸಿದ ಕಡಕ್ ರೊಟ್ಟಿ ಬೇಗನೆ ಕೆಡದು; ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳೊಡನೆ ದೂರದ ಪಟ್ಟಣಗಳಿಗೂ ತಲುಪುತ್ತದೆ. ಕಲಬುರಗಿ ಜಿಲ್ಲೆಯ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಅದನ್ನು ಮಾರುಕಟ್ಟೆಗೆ ತಂದಿದ್ದಾರೆ.

ಈ ಸಂಘಗಳ ಬೇರು ಉಳಿತಾಯದಲ್ಲಿದೆ. 1980ರ ದಶಕದ ನಡುಭಾಗದಲ್ಲಿ ಮೈರಾಡ ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಇಂತಹ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್, 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದಿತು. ಸಾಮಾನ್ಯವಾಗಿ 10ರಿಂದ 20 ಮಂದಿ ಸೇರಿ ವಾರವಾರ ಉಳಿಸಿ, ಆ ಹಣವನ್ನು ಮೊದಲು ತಮ್ಮೊಳಗೇ ಸಾಲವಾಗಿ ಪಡೆದು ತೀರಿಸುತ್ತಾರೆ. ತಪ್ಪದ ಸಭೆ, ತಪ್ಪದ ಉಳಿತಾಯ, ಸಕಾಲದ ಮರುಪಾವತಿ, ಚೊಕ್ಕವಾದ ಲೆಕ್ಕಪುಸ್ತಕ ಇವುಗಳನ್ನು ಕಂಡ ಬಳಿಕ ಬ್ಯಾಂಕು ಆಸ್ತಿಯ ಅಡಮಾನವಿಲ್ಲದೆಯೂ ಸಾಲ ನೀಡುತ್ತದೆ.

ಆದರೆ ಸಾಲ ದೊರೆತ ಮಾತ್ರಕ್ಕೆ ಉದ್ಯಮ ನಿಲ್ಲದು. ರೊಟ್ಟಿಗೆ ಬೆಲೆ ಕಟ್ಟುವಾಗ ಜೋಳ, ಗಿರಣಿಯ ಖರ್ಚು, ಉರುವಲು, ಪೊಟ್ಟಣ, ಬಸ್ಸಿನ ಬಾಡಿಗೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಲೆಯ ಮುಂದೆ ಬೆಂದ ಕೈಗಳ ಕೂಲಿ ಮಾತ್ರ ಬಿಟ್ಟುಹೋಗುತ್ತದೆ. ಅದೇ ದಿನ ಹೊಲಕ್ಕೆ ಹೋಗಿದ್ದರೆ ಸಿಗುತ್ತಿದ್ದ ಕೂಲಿಗಿಂತ ಕಡಿಮೆ ಉಳಿದರೆ, ಅದನ್ನು ಲಾಭವೆನ್ನುವುದು ಹೇಗೆ? ಒಂದು ತಾಸಿಗೆ ಎಷ್ಟು ರೊಟ್ಟಿ, ಮುರಿದವೆಷ್ಟು, ಅಂಗಡಿಯಲ್ಲಿ ಉದ್ರಿ ನಿಂತ ಹಣವೆಷ್ಟು ಎಂಬುದನ್ನು ಬರೆದಿಟ್ಟು, ಕೂಲಿಯನ್ನು ಸೇರಿಸಿಯೇ ಬೆಲೆ ನಿಗದಿ ಮಾಡಬೇಕು. ಆಹಾರ ಪದಾರ್ಥವಾದುದರಿಂದ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿಯೂ ಅವಶ್ಯಕ.

ಮನೆಯವರ ಹೊಣೆಯೂ ಸಣ್ಣದಲ್ಲ. ಸಂಘದ ಸಾಲ ಅವಳ ಹೆಸರಿನಲ್ಲಿ ಬಂದು, ಮನೆಯ ಬೇರೆ ಖರ್ಚಿಗೆ ಕರಗಿಹೋದರೆ, ಕಂತಿನ ಭಾರ ಮಾತ್ರ ಅವಳ ತಲೆಯ ಮೇಲೆ ಉಳಿಯುತ್ತದೆ. ಒಬ್ಬಳ ಕಂತು ತಪ್ಪಿದರೆ ಇಡೀ ಸಂಘದ ವಿಶ್ವಾಸಕ್ಕೆ ಕುಂದು. ಸಭೆಯ ದಿನ ನೀರು ತರುವುದು, ಮಕ್ಕಳನ್ನು ನೋಡಿಕೊಳ್ಳುವುದು ಗಂಡಸರಿಂದಾಗದ ಕೆಲಸಗಳೇನಲ್ಲ.

ಕಾಯಕಕ್ಕೆ ಮೇಲು-ಕೀಳಿಲ್ಲವೆಂದು ನಂಬಿದವರು ನಾವು. ಆ ನಂಬಿಕೆ ನಮ್ಮ ಅಡುಗೆಮನೆಯನ್ನೂ ತಲುಪಬೇಕು. ರೊಟ್ಟಿ ಕೊಳ್ಳುವಾಗ ಚೌಕಾಶಿಗೆ ಇಳಿಯುವ ಮುನ್ನ ಅದನ್ನು ಬಡಿದ ಕೈಗಳನ್ನು ನೆನೆಯೋಣ. ನಮ್ಮ ಮನೆಯ ಹೆಣ್ಣುಮಗಳ ಗಳಿಕೆ ಅವಳ ಖಾತೆಯಲ್ಲಿ, ಅವಳ ಇಚ್ಛೆಯಂತೆ ಇರಲು ಬಿಡೋಣ.